ವೆಂಟಿಲೇಟರ್‌ನ ಹಳದಿ ದೀಪ

ಮೂರು ಬೀಪ್, ಸಣ್ಣ ಬಿಡುವು, ಎರಡು ಬೀಪ್. ಮತ್ತೆ ಅದೇ ಮೂರು, ಅದೇ ಎರಡು. ಒಟ್ಟು ಹತ್ತು. ಐಸಿಯುನಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿದವರ ಕಾಲು ಈ ಸದ್ದು ಕೇಳಿದ ಕೂಡಲೇ ತಾನಾಗಿ ಓಡುತ್ತದೆ. ಮೂರೇ ಬೀಪ್ ಬಂದು ನಿಂತರೆ ತಲೆ ಎತ್ತಿ ನೋಡುತ್ತೇವೆ. ಒಂದೋ ಎರಡೋ ಬಂದರೆ ಬರೆಯುತ್ತಿದ್ದ ಚಾರ್ಟ್ ಮುಗಿಸಿ ಏಳುತ್ತೇವೆ.

ಈ ಲೆಕ್ಕ ಯಾವುದೋ ಒಂದು ಕಂಪನಿ ತನಗೆ ತೋಚಿದಂತೆ ಇಟ್ಟದ್ದಲ್ಲ. ವೈದ್ಯಕೀಯ ಯಂತ್ರಗಳ ಅಲಾರಾಂಗಳಿಗೆಂದೇ ಐಇಸಿ 60601-1-8 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. ಮೊದಲ ಸಲ ಬಂದದ್ದು 2003ರಲ್ಲಿ. ಅದರ ಪ್ರಕಾರ ಹೈ ಪ್ರಯಾರಿಟಿಗೆ ಕೆಂಪು ದೀಪ, ಸೆಕೆಂಡಿಗೆ ಸುಮಾರು ಎರಡು ಸಲ ಮಿನುಗಬೇಕು. ಮೀಡಿಯಂಗೆ ಹಳದಿ, ಅದು ನಿಧಾನವಾಗಿ ಮಿನುಗುತ್ತದೆ. ಲೋ ಪ್ರಯಾರಿಟಿಗೆ ಹಳದಿ ಅಥವಾ ತಿಳಿನೀಲಿ, ಮಿನುಗದೆ ಸುಮ್ನೆ ಉರಿಯುತ್ತಿರುತ್ತದೆ. ಹತ್ತು ಬೀಪ್, ಮೂರು ಬೀಪ್, ಒಂದೆರಡು ಬೀಪ್ ಅನ್ನುವ ಲೆಕ್ಕವೂ ಅಲ್ಲಿಂದಲೇ ಬಂದದ್ದು.

ಯಾವುದಕ್ಕೆ ಯಾವ ಬಣ್ಣ ಅಂತ ಹೇಗೆ ತೀರ್ಮಾನ ಮಾಡುತ್ತಾರೆ? ಹೊಸದಾಗಿ ಐಸಿಯುಗೆ ಬಂದ ಸಿಸ್ಟರ್‌ಗಳನ್ನು ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ ಉತ್ತರ: ದೊಡ್ಡ ತೊಂದರೆಗೆ ಕೆಂಪು, ಸಣ್ಣ ತೊಂದರೆಗೆ ಹಳದಿ. ಅರ್ಧ ಸರಿ. ಮಾನದಂಡದಲ್ಲಿ ಎರಡು ಪ್ರಶ್ನೆ ಇವೆ. ಯಾರೂ ಏನೂ ಮಾಡದೆ ಬಿಟ್ಟರೆ ಏನಾದೀತು? ಎಷ್ಟು ಬೇಗ ಆದೀತು? ಜೀವ ಹೋಗಬಹುದು, ಈಗಲೇ ಹೋಗಬಹುದು ಅಂದರೆ ಕೆಂಪು. ಜೀವ ಹೋಗಬಹುದು, ಆದರೆ ಅದಕ್ಕೆ ಸಾಕಷ್ಟು ಹೊತ್ತು ಹಿಡಿಯುತ್ತದೆ ಅಂದರೆ? ಅದಕ್ಕೆ ಸಿಗುವುದು ಹಳದಿ. ಸಣ್ಣ ಕಿರಿಕಿರಿ, ಆದರೆ ತಕ್ಷಣ ಆಗುವಂಥದ್ದು ಅಂದರೆ? ಅದಕ್ಕೂ ಹಳದಿಯೇ.

ಅಂದರೆ ಒಂದೇ ಹಳದಿ ದೀಪದ ಹಿಂದೆ ಸಣ್ಣ ಕಿರಿಕಿರಿಯೂ ಇರಬಹುದು, ಸಾವೂ ಇರಬಹುದು. ಬಣ್ಣ ಮುಖ್ಯವಾಗಿ ಹೇಳುವುದು ನಮ್ಮ ಕೈಯಲ್ಲಿ ಎಷ್ಟು ಸಮಯ ಇದೆ ಅಂತ. ಇದನ್ನು ತರಗತಿಯಲ್ಲಿ ಯಾರೂ ನನಗೆ ಹೀಗೆ ಬಿಡಿಸಿ ಹೇಳಿರಲಿಲ್ಲ. ಆದ್ದರಿಂದ ಈಗ ಸಿಕ್ಕವರಿಗೆಲ್ಲ ಹೇಳುತ್ತೇನೆ.

ಬ್ಯಾಟರಿಯನ್ನೇ ತೆಗೆದುಕೊಳ್ಳಿ. ಪೋರ್ಟಬಲ್ ಎಕ್ಸ್‌ರೇ ತೆಗೆಯಲು ಬಂದವರು ಗೋಡೆಯ ಸಾಕೆಟ್‌ನಿಂದ ಯಾವುದೋ ಪ್ಲಗ್ ಕಿತ್ತು ತಮ್ಮದನ್ನು ಹಾಕುತ್ತಾರೆ. ಕೆಲಸ ಮುಗಿಸಿ ಹೋಗುವಾಗ ಕಿತ್ತದ್ದನ್ನು ಮತ್ತೆ ಹಾಕಲು ಮರೆಯುತ್ತಾರೆ. ಕಿತ್ತದ್ದು ವೆಂಟಿಲೇಟರ್ ಪ್ಲಗ್ ಆಗಿದ್ದರೆ ಯಂತ್ರ ಒಳಗಿನ ಬ್ಯಾಟರಿಗೆ ಬದಲಾಗುತ್ತದೆ. ಉಸಿರು ಮೊದಲಿನಂತೆಯೇ ಹೋಗುತ್ತಿರುತ್ತದೆ. ಮಾನಿಟರ್‌ನಲ್ಲಿ ಆಕ್ಸಿಜನ್ 98 ಇರುತ್ತದೆ. ರೋಗಿ ಆರಾಮಾಗಿ ಮಲಗಿರುತ್ತಾರೆ. ಪರದೆಯ ಮೇಲೆ ‘ಬ್ಯಾಟರಿಯಲ್ಲಿ ನಡೆಯುತ್ತಿದೆ’ ಅನ್ನುವ ಒಂದು ಸಾಲು, ಒಂದು ಹಳದಿ ದೀಪ, ಆಗಾಗ ಸಾಧು ದನಿಯ ಬೀಪ್. ಯಾರೋ ಬಂದು ಸೈಲೆನ್ಸ್ ಒತ್ತುತ್ತಾರೆ, ಹೋಗುತ್ತಾರೆ. ಬ್ಯಾಟರಿ ಹೊಸದಾಗಿದ್ದರೆ ಗಂಟೆಗಟ್ಟಲೆ ಬರಬಹುದು. ಹಳೆಯದಾದರೆ ಎಷ್ಟು ಹೊತ್ತು ಅಂತ ಹೇಳಲಾಗದು. ಅದು ಮುಗಿಯುತ್ತಾ ಬಂದಾಗ ದೀಪ ಕೆಂಪಾಗುತ್ತದೆ. ಆಗ ಎಲ್ಲರೂ ಓಡಿ ಬರುತ್ತಾರೆ. ಹಳದಿ ಇದ್ದಾಗ ಬೇಕಿದ್ದದ್ದು ಬಗ್ಗಿ ಪ್ಲಗ್ ಹಾಕುವ ಕೆಲಸ ಅಷ್ಟೇ.

ಇನ್ನು ಕೆಂಪಿಗೆ ಬರೋಣ. ಐಸಿಯುನಲ್ಲಿ ಜಾಸ್ತಿ ಕೇಳುವ ವೆಂಟಿಲೇಟರ್ ಅಲಾರಾಂಗಳಲ್ಲಿ ಒಂದು ‘ಹೈ ಪ್ರೆಷರ್’. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಈ ಅಲಾರಾಂ ಕೂಗುವುದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ.

ವಾಲ್ಯೂಮ್ ಕಂಟ್ರೋಲ್‌ನಲ್ಲಿರುವ, ಅಂದರೆ ಪ್ರತಿ ಉಸಿರಿಗೂ ಯಂತ್ರ ಇಂತಿಷ್ಟೇ ಗಾಳಿ ಕೊಡುವಂತೆ ಇಟ್ಟಿರುವ ರೋಗಿಯೊಬ್ಬರನ್ನು ಊಹಿಸಿಕೊಳ್ಳಿ. ಎತ್ತರದಿಂದ ಲೆಕ್ಕ ಹಾಕಿದ ತೂಕ 60 ಕಿಲೋ. ಕಿಲೋಗೆ 6 ಮಿಲಿಲೀಟರ್‌ನಂತೆ ಒಂದು ಉಸಿರಿಗೆ 360 ಮಿಲಿಲೀಟರ್, ನಿಮಿಷಕ್ಕೆ 20 ಉಸಿರು. ಒಟ್ಟು ನಿಮಿಷಕ್ಕೆ 7.2 ಲೀಟರ್. ಉಸಿರು ಒಳಹೋಗುವಾಗ ಒತ್ತಡ 25ರವರೆಗೆ ಏರುತ್ತದೆ (ವೆಂಟಿಲೇಟರ್ ಒತ್ತಡವನ್ನು ಸೆಂಟಿಮೀಟರ್ ನೀರಿನ ಲೆಕ್ಕದಲ್ಲಿ ಅಳೆಯುತ್ತಾರೆ). ಅಲಾರಾಂ ಲಿಮಿಟ್ 40ಕ್ಕೆ ಇಟ್ಟಿದ್ದಾರೆ. ಈಗ ಆ ರೋಗಿ ಬಾಯಿಯಿಂದ ಶ್ವಾಸನಾಳಕ್ಕೆ ಹಾಕಿದ ಟ್ಯೂಬ್ ಕಚ್ಚಿದರು ಅನ್ನಿ. ಒತ್ತಡ ಸರ್ರನೆ 40 ಮುಟ್ಟುತ್ತದೆ. ಆಗ ಯಂತ್ರ ಕೂಗುತ್ತದೆ, ಜೊತೆಗೆ ಆ ಉಸಿರನ್ನು ಅಲ್ಲಿಗೇ ನಿಲ್ಲಿಸಿ ವಾಲ್ವ್ ತೆರೆದುಬಿಡುತ್ತದೆ. ಶ್ವಾಸಕೋಶ ಒಡೆಯಬಾರದು ಅಂತ ಮಾಡಿರುವ ವ್ಯವಸ್ಥೆ ಅದು. ಆದರೆ ಅದರ ಇನ್ನೊಂದು ಅರ್ಥ ಏನು? ಆ ಉಸಿರು ಪೂರ್ತಿ ಹೋಗಲಿಲ್ಲ. 360 ಕೊಡಬೇಕಾದಲ್ಲಿ ನೂರು ಹೋಗಿರಬಹುದು, ಇನ್ನೂ ಕಡಿಮೆಯೂ ಇರಬಹುದು. ಹೆಸರು ‘ಒತ್ತಡ ಜಾಸ್ತಿ’. ರೋಗಿಗೆ ಆದದ್ದು ‘ಗಾಳಿ ಕಡಿಮೆ’.

ಈಗ ಸೈಲೆನ್ಸ್ ಬಟನ್ ಲೆಕ್ಕ ಹಾಕಿ. ಸಾಮಾನ್ಯವಾಗಿ ಅದು 2 ನಿಮಿಷ ಸದ್ದು ನಿಲ್ಲಿಸುತ್ತದೆ. ನಿಮಿಷಕ್ಕೆ 20ರಂತೆ 40 ಉಸಿರು. ಟ್ಯೂಬ್ ಹಾಗೇ ಕಚ್ಚಿಕೊಂಡಿದ್ದರೆ ನಲವತ್ತು ಅರೆಬರೆ ಉಸಿರು ಸದ್ದಿಲ್ಲದೆ ಸಾಗುತ್ತವೆ. ಸೈಲೆನ್ಸ್ ಒತ್ತಬಾರದು ಅಂತ ನಾನು ಹೇಳುವುದಿಲ್ಲ. ಒತ್ತಬೇಕು. ತಲೆ ಚಿಟ್ಟು ಹಿಡಿಸುವ ಆ ಸದ್ದಿನಲ್ಲಿ ಯೋಚನೆ ಮಾಡಲು ಆಗುವುದಿಲ್ಲ, ಪಕ್ಕದ ಹಾಸಿಗೆಯ ಅಲಾರಾಂ ಕೇಳಿಸುವುದಿಲ್ಲ. ಆದರೆ ಒತ್ತಿದ ಕೈ ಅಲ್ಲೇ ಇರಬೇಕು. ಒತ್ತಿ ಹೋಗುವ ಅಭ್ಯಾಸ ನೋಡಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಸದ್ದು ನಿಂತಾಗ ಹೊಸ ತೊಂದರೆ ಬಂದರೆ ಕೆಲವು ಯಂತ್ರಗಳು ಮತ್ತೆ ಕೂಗುತ್ತವೆ, ಎಲ್ಲವೂ ಒಂದೇ ಥರ ಅಲ್ಲ. ನಮ್ಮ ವಾರ್ಡಿನ ಯಂತ್ರ ಏನು ಮಾಡುತ್ತದೆ ಅನ್ನುವುದು ಅಲ್ಲಿರುವ ಎಲ್ಲರಿಗೂ ಗೊತ್ತಿರಬೇಕು.

ಹೈ ಪ್ರೆಷರ್‌ಗೆ ಕಾರಣ ಹುಡುಕುವುದು ಹಾಸಿಗೆಯಿಂದ ಶುರುವಾಗಬೇಕು, ಪರದೆಯಿಂದಲ್ಲ. ಎದೆ ಎರಡೂ ಕಡೆ ಏರುತ್ತಿದೆಯಾ? ಮುಖ, ತುಟಿಯ ಬಣ್ಣ ಹೇಗಿದೆ? ಆಕ್ಸಿಜನ್ ಎಷ್ಟು? ಹೊರಬರುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳೆದು ತೋರಿಸುವ ಕ್ಯಾಪ್ನೋಗ್ರಾಫ್ ಇದ್ದರೆ ಅಲೆ ಬರುತ್ತಿದೆಯಾ? ಎಲ್ಲ ಸರಿ ಇದ್ದು ರೋಗಿ ಕೆಮ್ಮುತ್ತಿದ್ದಾರೆ ಅಂದರೆ ಕಫ ಇರಬಹುದು, ಸಕ್ಷನ್ ಮಾಡಿದರೆ, ಅಂದರೆ ಸಣ್ಣ ಕೊಳವೆ ಹಾಕಿ ಹೀರಿ ತೆಗೆದರೆ ಮುಗಿಯಿತು. ಟ್ಯೂಬ್ ಮಡಚಿದೆಯಾ, ಹಾಸಿಗೆಯ ಕಂಬಿಗೆ ಸಿಕ್ಕಿಕೊಂಡಿದೆಯಾ, ಸರ್ಕ್ಯೂಟ್‌ನಲ್ಲಿ (ಯಂತ್ರದಿಂದ ಟ್ಯೂಬ್‌ಗೆ ಬರುವ ಕೊಳವೆಗಳಲ್ಲಿ) ನೀರು ನಿಂತಿದೆಯಾ, ಫಿಲ್ಟರ್ ಒದ್ದೆಯಾಗಿ ಕಟ್ಟಿಕೊಂಡಿದೆಯಾ ಅಂತ ಕೈಯಾಡಿಸಿ ನೋಡಬೇಕು. ಇದಾವುದೂ ಅಲ್ಲದಿದ್ದರೆ ಟ್ಯೂಬ್ ಒಳಗೆ ಜಾರಿ ಒಂದೇ ಕಡೆಯ ಶ್ವಾಸಕೋಶಕ್ಕೆ ಹೋಗಿರಬಹುದು. ಉಬ್ಬಸ ಇರಬಹುದು. ಎದೆಯೊಳಗೆ ಗಾಳಿ ತುಂಬಿಕೊಂಡು ಶ್ವಾಸಕೋಶ ಕುಗ್ಗಿರಬಹುದು. ಕೊನೆಯದಕ್ಕೆ ನಿಮಿಷಗಳೂ ಇರುವುದಿಲ್ಲ.

ಆಕ್ಸಿಜನ್ ಇಳಿಯುತ್ತಿದೆ, ಕಾರಣ ಕಾಣುತ್ತಿಲ್ಲ ಅನ್ನುವಾಗ ಪರದೆ ಓದುತ್ತಾ ನಿಲ್ಲಬಾರದು. ಜನರನ್ನು ಕೂಗಿ ಕರೆಯಬೇಕು, ಯಂತ್ರ ಬಿಡಿಸಬೇಕು, ಕೈಯಿಂದ ಉಸಿರು ಕೊಡುವ ಅಂಬು ಬ್ಯಾಗ್‌ಗೆ ಪೂರ್ತಿ ಆಕ್ಸಿಜನ್ ಹಾಕಿ ಕೈಯಲ್ಲಿ ಒತ್ತಬೇಕು. ಬ್ಯಾಗ್ ಮೆತ್ತಗೆ ಹೋಗಿ ರೋಗಿ ಸುಧಾರಿಸಿದರೆ ತೊಂದರೆ ಯಂತ್ರದಲ್ಲೋ ಸರ್ಕ್ಯೂಟ್‌ನಲ್ಲೋ ಇತ್ತು. ಬ್ಯಾಗ್ ಗಟ್ಟಿಯಾಗಿದ್ದರೆ ಟ್ಯೂಬ್ ಅಥವಾ ಎದೆ. ಸಕ್ಷನ್ ಕ್ಯಾಥೆಟರ್ ಸಲೀಸಾಗಿ ಒಳಗೆ ಇಳಿಯುತ್ತದಾ ನೋಡಿದರೆ ಅವೆರಡರಲ್ಲಿ ಯಾವುದು ಅನ್ನುವುದೂ ಬಹುಮಟ್ಟಿಗೆ ತಿಳಿಯುತ್ತದೆ. ಇದನ್ನು ನೆನಪಿಡಲು ನಾಲ್ಕು ಇಂಗ್ಲಿಷ್ ಪದಗಳ ಮೊದಲ ಅಕ್ಷರ ಸೇರಿಸಿ ‘ಡೋಪ್’ ಅಂತ ಹೇಳಿಕೊಡುತ್ತಾರೆ: ಟ್ಯೂಬ್ ಜಾಗ ತಪ್ಪಿದ್ದು, ಕಟ್ಟಿಕೊಂಡದ್ದು, ನ್ಯೂಮೋಥೊರಾಕ್ಸ್ (ಮೇಲೆ ಹೇಳಿದ, ಎದೆಯೊಳಗೆ ಗಾಳಿ ತುಂಬಿಕೊಂಡದ್ದು), ಯಂತ್ರದ ತೊಂದರೆ. ಒಂದು ಎಚ್ಚರಿಕೆ ಮಾತ್ರ ಇದೆ. ಬೀಪ್ ಬಂದಾಗಲೆಲ್ಲ ಯಂತ್ರ ಬಿಡಿಸುವುದಲ್ಲ. ಎಆರ್‌ಡಿಎಸ್‌ನಂಥ, ಶ್ವಾಸಕೋಶದಲ್ಲಿ ನೀರು ತುಂಬಿ ಗಟ್ಟಿಯಾಗುವ ಕಾಯಿಲೆಯಲ್ಲಿ ಕಷ್ಟಪಟ್ಟು ತೆರೆದಿಟ್ಟ ಶ್ವಾಸಕೋಶ ಬಿಡಿಸಿದ ಕ್ಷಣದಲ್ಲಿ ಮತ್ತೆ ಮುಚ್ಚಿಕೊಳ್ಳುತ್ತದೆ.

ಕೈಯಲ್ಲಿ ಬ್ಯಾಗ್ ಒತ್ತುವಾಗ ನನಗೆ 1952ರ ಕೋಪನ್‌ಹೇಗನ್ ನೆನಪಾಗುತ್ತದೆ. ಓದಿದ್ದು ಅಷ್ಟೇ, ಆದರೂ. ಆ ವರ್ಷ ಅಲ್ಲಿ ಪೋಲಿಯೊ ಹಬ್ಬಿತ್ತು. ಉಸಿರಾಟದ ಸ್ನಾಯು ಸೋತ ಮಕ್ಕಳಿಗೆ ಸಾಕಾಗುವಷ್ಟು ಯಂತ್ರಗಳಿರಲಿಲ್ಲ. ಬ್ಯೋರ್ನ್ ಇಬ್ಸೆನ್ ಅನ್ನುವ ಅರಿವಳಿಕೆ ವೈದ್ಯರು ಕುತ್ತಿಗೆಯಲ್ಲಿ ರಂಧ್ರ ಮಾಡಿ ಟ್ಯೂಬ್ ಹಾಕಿ, ಕೈಯಿಂದ ಬ್ಯಾಗ್ ಒತ್ತಿ ಉಸಿರು ಕೊಡಬಹುದು ಅಂತ ತೋರಿಸಿದರು. ಸುಮಾರು 1500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲು ರಾತ್ರಿ ಕೂತು ಒತ್ತಿದರು. ಅಲ್ಲಿ ಕೆಂಪು, ಹಳದಿ ಏನೂ ಇರಲಿಲ್ಲ. ಬ್ಯಾಗ್ ಗಟ್ಟಿಯಾದರೆ ಕಫ. ಒಮ್ಮೆಲೇ ಹಗುರಾದರೆ ಎಲ್ಲೋ ಬಿಟ್ಟುಹೋಗಿದೆ. ಇವತ್ತಿನ ಹೈ ಪ್ರೆಷರ್, ಲೋ ಪ್ರೆಷರ್ ಎರಡೂ ಆ ಹುಡುಗರ ಅಂಗೈಯಲ್ಲೇ ಇದ್ದವು. ಐಸಿಯು ಅನ್ನುವ ಕಲ್ಪನೆ ಬೆಳೆದದ್ದೂ ಅಲ್ಲಿಂದಲೇ.

ಮತ್ತೆ ಹಳದಿಗೆ ಬರುತ್ತೇನೆ. ಮೇಲಿನ ರೋಗಿಯೇ ವಾಲ್ಯೂಮ್ ಕಂಟ್ರೋಲ್ ಬದಲು ಪ್ರೆಷರ್ ಕಂಟ್ರೋಲ್‌ನಲ್ಲಿದ್ದರೆ? ಅಲ್ಲಿ ಯಂತ್ರ ಒತ್ತಡವನ್ನು ತಾನೇ ಹಿಡಿದಿಟ್ಟುಕೊಂಡಿರುತ್ತದೆ. ಟ್ಯೂಬ್ ಅರ್ಧ ಕಟ್ಟಿಕೊಂಡರೂ ಒತ್ತಡ ಏರುವುದಿಲ್ಲ. ಹೈ ಪ್ರೆಷರ್ ಅಲಾರಾಂ ಬಾಯಿ ಬಿಡುವುದೇ ಇಲ್ಲ. ಬದಲಾಗುವುದು ಒಳಹೋಗುವ ಗಾಳಿ. 360 ಇದ್ದದ್ದು 280 ಆಗುತ್ತದೆ, ಆಮೇಲೆ 200. ಸುಳಿವು ಕೊಡುವುದು ಮುಖ್ಯವಾಗಿ ‘ಲೋ ಟೈಡಲ್ ವಾಲ್ಯೂಮ್’, ಅಂದರೆ ಒಂದೊಂದು ಉಸಿರಿನ ಗಾಳಿ ಕಡಿಮೆ ಅನ್ನುವ ಅಲಾರಾಂ. ನಾನು ಬಳಸಿದ ಒಂದು ಯಂತ್ರದಲ್ಲಿ ಇದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಎರಡು ಉಸಿರು ಕಡಿಮೆಯಾದರೆ ಲೋ, ನಾಲ್ಕಾದರೆ ಮೀಡಿಯಂ, ಹತ್ತು ಉಸಿರು ಹಾಗೇ ಹೋದರೆ ಹೈ. ಅದು ಹಳದಿಯಲ್ಲಿದ್ದಾಗಲೇ ಟ್ಯೂಬ್ ನೋಡಿದವರಿಗೆ ಕಫ ತೆಗೆಯುವ ಕೆಲಸ. ಕೆಂಪಾಗುವವರೆಗೆ ಬಿಟ್ಟವರಿಗೆ ಟ್ಯೂಬ್ ಬದಲಾಯಿಸುವ ಕೆಲಸ ಬಂದರೂ ಬಂತು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ವಿಷಯ ಉಳಿಯುತ್ತದೆ. ಅಲಾರಾಂ ಯಾವಾಗ ಕೂಗಬೇಕು ಅಂತ ಗೆರೆ ಎಳೆಯುವುದು ನಾವೇ. ನಿಮಿಷಕ್ಕೆ 7.2 ಲೀಟರ್ ಉಸಿರಾಡುವ ರೋಗಿಗೆ ಕೆಳಗಿನ ಲಿಮಿಟ್ 5 ಅಂತ ಇಟ್ಟರೆ ಗಾಳಿ ಕಡಿಮೆಯಾದಾಗ ಬೇಗ ಗೊತ್ತಾಗುತ್ತದೆ. ‘ಸುಮ್ನೆ ಕೂಗುತ್ತೆ’ ಅಂತ ಯಾರೋ ಅದನ್ನು 1ಕ್ಕೆ ಇಳಿಸಿದರೆ? ಯಂತ್ರ ಸುಮ್ಮನಾಗುತ್ತದೆ ನಿಜ. ರೋಗಿಗೆ ನಿಮಿಷಕ್ಕೆ ಎರಡೇ ಲೀಟರ್ ಹೋಗುತ್ತಿದ್ದರೂ ಸುಮ್ಮನೇ ಇರುತ್ತದೆ. ಹೈ ಪ್ರೆಷರ್ ಲಿಮಿಟ್ ಅನ್ನು 60ಕ್ಕೆ ಏರಿಸಿಟ್ಟರೂ ಇದೇ ಕಥೆ. ರೋಗಿಯ ಒತ್ತಡಕ್ಕಿಂತ ಹತ್ತು ಹದಿನೈದು ಮೇಲೆ ಇಡುವುದು ಸಾಮಾನ್ಯ ಪದ್ಧತಿ. 40 ದಾಟಿಸಬೇಕಾದರೆ ಡಾಕ್ಟರ್ ಜೊತೆ ಮಾತಾಡಿಯೇ ಇಡಬೇಕು. ಪಾಳಿ ಬದಲಾಗುವಾಗ ಔಷಧಿ, ಡ್ರಿಪ್, ಯೂರಿನ್ ಎಲ್ಲ ಹೇಳುತ್ತೇವೆ. ‘ಲಿಮಿಟ್ ಎಷ್ಟಿದೆ’ ಅಂತ ಹೇಳುವವರು, ಕೇಳುವವರು ಕಡಿಮೆ. ನಾನು ಹ್ಯಾಂಡ್‌ಓವರ್ ತೆಗೆದುಕೊಳ್ಳುವಾಗ ಅಲಾರಾಂ ಪುಟ ತೆರೆದು ತೋರಿಸಿ ಅನ್ನುತ್ತೇನೆ. ಮೊದಮೊದಲು ಮುಖ ಸಿಂಡರಿಸುತ್ತಿದ್ದರು. ಈಗ ಅವರೇ ತೆರೆದಿಟ್ಟಿರುತ್ತಾರೆ.

ಲಿಮಿಟ್ ಸರಿ ಇದ್ದರೂ ಯಂತ್ರ ಮೋಸ ಹೋಗುವುದುಂಟು. ಟ್ಯೂಬ್ ಕಳಚಿ ಬಿದ್ದರೆ ಒತ್ತಡ ಇಳಿಯಬೇಕು, ಅಲಾರಾಂ ಬರಬೇಕು, ಅಲ್ವಾ? ಕಳಚಿದ ತುದಿ ದಿಂಬಿಗೋ ಹೊದಿಕೆಗೋ ಒತ್ತಿಕೊಂಡು ಬಾಯಿ ಮುಚ್ಚಿದರೆ ಒತ್ತಡ ಅಷ್ಟೇನೂ ಇಳಿಯುವುದಿಲ್ಲ. ಯಂತ್ರಕ್ಕೆ ದಿಂಬೂ ಒಂದೇ, ಶ್ವಾಸಕೋಶವೂ ಒಂದೇ. ಅದಕ್ಕೇ ಒಂದು ಅಲಾರಾಂ ನಂಬಿ ಕೂರುವಂತಿಲ್ಲ. ಒತ್ತಡದ ಜೊತೆ ಹೊರಬರುವ ಗಾಳಿಯ ಅಲಾರಾಂ, ಬೆರಳಿನ ಆಕ್ಸಿಜನ್, ಕ್ಯಾಪ್ನೋಗ್ರಾಫ್ ಎಲ್ಲ ಸೇರಿ ಕಾಯಬೇಕು.

ಹಾಗಂತ ಎಲ್ಲ ಲಿಮಿಟ್ ಬಿಗಿ ಮಾಡಿದರೆ? ದಿನವಿಡೀ ಕೂಗುತ್ತದೆ. ಕೂಗಿದ್ದೇ ಕೂಗಿದರೆ ಕಿವಿ ಮಂದವಾಗುತ್ತದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 77 ಐಸಿಯು ಹಾಸಿಗೆಗಳ ಮಾನಿಟರ್ ಅಲಾರಾಂಗಳನ್ನು ಒಂದು ತಿಂಗಳು ಲೆಕ್ಕ ಹಾಕಿದ್ದರು. 2014ರಲ್ಲಿ ಅದು ಪ್ರಕಟವಾಯಿತು. ಸದ್ದಿಲ್ಲದ್ದೂ ಸೇರಿ 25 ಲಕ್ಷಕ್ಕೂ ಜಾಸ್ತಿ. ಕಿವಿಗೆ ಕೇಳುವಂಥವೇ ದಿನಕ್ಕೆ ಒಂದು ಹಾಸಿಗೆಗೆ 187. ಹೃದಯದ ಲಯ ತಪ್ಪಿದೆ ಅಂತ ಕೂಗಿದ ಅಲಾರಾಂಗಳನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 89 ಸುಳ್ಳು. ಅದು ಮಾನಿಟರ್ ಲೆಕ್ಕ, ವೆಂಟಿಲೇಟರ್‌ದಲ್ಲ. ಆದರೆ ಕೇಳುವ ಕಿವಿ ಅದೇ ತಾನೇ? ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2013ರಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ, ಮೂರೂವರೆ ವರ್ಷದಲ್ಲಿ ತಮಗೆ ವರದಿಯಾದ ಅಲಾರಾಂಗೆ ಸಂಬಂಧಿಸಿದ 98 ಘಟನೆಗಳಲ್ಲಿ 80 ಜನ ಸತ್ತಿದ್ದಾರೆ ಅಂತಿತ್ತು. ಸಿಸ್ಟರ್‌ಗಳು ಸೋಮಾರಿಗಳು ಅಂತ ಬೈದರೆ ಇದು ಸರಿಹೋಗುವುದಿಲ್ಲ. ಒಬ್ಬ ಸಿಸ್ಟರ್‌ಗೆ ಮೂರು ವೆಂಟಿಲೇಟರ್ ಕೊಟ್ಟು, ಮೂರೂ ಒಟ್ಟಿಗೆ ಕೂಗಿದಾಗ ಯಾಕೆ ತಡ ಅಂತ ಕೇಳುವವರಿಗೆ ನನ್ನ ಹತ್ತಿರ ಉತ್ತರವಿಲ್ಲ.

ಸದ್ದಿನ ಬಗ್ಗೆ ಒಂದು ತಮಾಷೆಯ ವಿಷಯ ಇದೆ. ಹಿಂದಿನ ಮಾನದಂಡದಲ್ಲಿ ಯಾವ ಥರದ ತೊಂದರೆ ಅಂತ ಗೊತ್ತಾಗಲಿ ಎಂದು ಪುಟ್ಟ ಪುಟ್ಟ ರಾಗಗಳನ್ನು ಕೊಟ್ಟಿದ್ದರು. ಉಸಿರಾಟಕ್ಕೆ ಒಂದು, ಹೃದಯಕ್ಕೆ ಒಂದು, ಔಷಧಿಗೆ ಒಂದು. ಕಾಗದದ ಮೇಲೆ ಚೆನ್ನಾಗಿತ್ತು. ಪರೀಕ್ಷೆ ಮಾಡಿದಾಗ ನರ್ಸ್‌ಗಳಿಗೆ ಯಾವುದು ಯಾವುದು ಅಂತ ಗುರುತಿಸುವುದು ತುಂಬ ಕಷ್ಟವಾಯಿತು. ಸಂಗೀತ ಬರದವರ ಪಾಡು ಬಿಡಿ, ಬರುವವರಿಗೂ ನಡುರಾತ್ರಿ ಎರಡು ಗಂಟೆಗೆ ರಾಗ ಹಿಡಿಯುವುದು ಅಂದರೆ ಸುಮ್ನೆ ಮಾತಲ್ಲ. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ಜೂಡಿ ಎಡ್ವರ್ದಿ ಮತ್ತು ಜೊತೆಗಾರರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. 2020ರ ತಿದ್ದುಪಡಿಯಲ್ಲಿ ರಾಗದ ಬದಲು ಅರ್ಥವಾಗುವ ಸದ್ದುಗಳು ಬಂದವು. ಹೃದಯಕ್ಕೆ ಲಬ್ ಡಬ್. ಔಷಧಿಗೆ ಡಬ್ಬಿಯಲ್ಲಿ ಮಾತ್ರೆ ಅಲ್ಲಾಡಿಸಿದ ಸದ್ದು. ಉಸಿರಾಟಕ್ಕೆ ಉಸಿರು ಎಳೆದು ಬಿಟ್ಟಂಥ ಸದ್ದು. ಜ್ವರ, ತಾಪಕ್ಕೆ ಕೆಟಲ್ ಸಿಳ್ಳೆ. ನಮ್ಮಲ್ಲಾದರೆ ಕುಕ್ಕರ್ ವಿಷಲ್ ಅಂದುಕೊಂಡು ಯಾರಾದರೂ ಎಣಿಸುತ್ತಾ ಕೂರುತ್ತಿದ್ದರೇನೋ. ನಾನಂತೂ ಈ ಹೊಸ ಸದ್ದಿನ ಯಂತ್ರವನ್ನು ಇನ್ನೂ ಬಳಸಿಲ್ಲ. ನಮ್ಮಲ್ಲಿ ಈಗಲೂ ಅದೇ ಹತ್ತು ಬೀಪ್.

2020ರಲ್ಲಿ ಕೋವಿಡ್ ಬಂದಾಗ ನಮ್ಮ ರಾಜ್ಯಕ್ಕೂ ವೆಂಟಿಲೇಟರ್‌ಗೂ ಒಂದು ನಂಟು ಬೆಳೆಯಿತು. ಬೆಂಗಳೂರಿನ ಬಿಇಎಲ್‌ಗೆ 30,000 ವೆಂಟಿಲೇಟರ್ ಮಾಡಿಕೊಡುವ ಆರ್ಡರ್ ಸಿಕ್ಕಿತು, ಅದಕ್ಕೆ ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ವಿನ್ಯಾಸ. ಮೊದಲು ದೊಡ್ಡ ಊರುಗಳಲ್ಲಷ್ಟೇ ಕಾಣುತ್ತಿದ್ದ ಯಂತ್ರ ಸಣ್ಣ ಆಸ್ಪತ್ರೆಗಳಿಗೂ ಬಂತು. ಯಂತ್ರ ಲಾರಿಯಲ್ಲಿ ಬರುತ್ತದೆ, ಅದರ ಮಾತು ಅರ್ಥವಾಗುವವರು ಲಾರಿಯಲ್ಲಿ ಬರುವುದಿಲ್ಲ. ಪಿಪಿಇ ಒಳಗೆ ಬೆವರುತ್ತಾ, ಮಂಜು ಕವಿದ ಕನ್ನಡಕದಲ್ಲಿ, ಎರಡು ಮೂರು ಬೇರೆ ಬೇರೆ ಕಂಪನಿಯ ಯಂತ್ರಗಳ ನಡುವೆ ಹೊಸ ಹುಡುಗ ಹುಡುಗಿಯರು ನಿಂತಿದ್ದರು. ಒಂದರಲ್ಲಿ ಸೈಲೆನ್ಸ್ ಬಟನ್ ಬಲಗಡೆ, ಇನ್ನೊಂದರಲ್ಲಿ ಮೇಲ್ಗಡೆ. ಆದರೆ ಬಣ್ಣ, ಬೀಪ್ ಲೆಕ್ಕ ಎಲ್ಲದರಲ್ಲೂ ಒಂದೇ. ಅವರಿಗೆ ನಾವು ಮೊದಲು ಕಲಿಸಿದ್ದೂ ಅಷ್ಟೇ: ಕೆಂಪಾದರೆ ರೋಗಿಯ ಹತ್ತಿರ ಓಡಿ, ಹಳದಿಯಾದರೆ ಓದಿ, ಓದದೆ ಒತ್ತಬೇಡಿ.

ಒಳಗೆ ಬಿಟ್ಟ ಸಂಬಂಧಿಕರ ವಿಷಯವನ್ನೂ ಹೇಳಬೇಕು. ಐದು ನಿಮಿಷ ನೋಡಲು ಬಂದವರು ಯಂತ್ರ ಬೀಪ್ ಅಂದ ಕೂಡಲೇ ಗಾಬರಿಯಾಗುತ್ತಾರೆ. ‘ಸಿಸ್ಟರ್, ಏನೋ ಕೂಗ್ತಾ ಇದೆ ನೋಡಿ, ಅಮ್ಮಂಗೆ ಏನಾಯ್ತು?’ ‘ಏನಿಲ್ಲ ಬಿಡಿ’ ಅಂತ ಹೇಳಿ ಸಾಗಹಾಕುವುದು ಸುಲಭ. ಅದರ ಬದಲು ‘ಅಮ್ಮ ಕೆಮ್ಮಿದರು ಅಣ್ಣಾ, ಅದಕ್ಕೆ ಯಂತ್ರ ಹೇಳಿತು, ಈಗ ಕಫ ತೆಗೀತೀನಿ, ಸದ್ದು ನಿಲ್ಲುತ್ತೆ’ ಅಂದರೆ ಅರ್ಧ ನಿಮಿಷ ಜಾಸ್ತಿ ಹಿಡಿಯುತ್ತದೆ. ಆ ಮನುಷ್ಯ ಆ ರಾತ್ರಿ ಹೊರಗಿನ ಬೆಂಚಿನ ಮೇಲೆ ಸ್ವಲ್ಪವಾದರೂ ಕಣ್ಣು ಮುಚ್ಚುತ್ತಾನೆ. ಸಂಬಂಧಿಕರು ಬಟನ್ ಮುಟ್ಟಬಾರದು, ಒಮ್ಮೆಯೂ. ಆದರೆ ಕರೆಯಬೇಕು, ಸಂಕೋಚ ಬೇಡ. ಟ್ಯೂಬ್ ಕಳಚಿದ್ದನ್ನು ನಮಗಿಂತ ಮೊದಲು ಮಗಳೋ ಮೊಮ್ಮಗನೋ ನೋಡಿ ಕೂಗಿದ್ದುಂಟು.

ಈಚೆಗೆ ಮನೆಗೇ ವೆಂಟಿಲೇಟರ್ ಒಯ್ಯುವವರು ಜಾಸ್ತಿಯಾಗುತ್ತಿದ್ದಾರೆ. ಸ್ನಾಯು, ನರದ ಕಾಯಿಲೆಯವರು, ಕುತ್ತಿಗೆಗೆ ಪೆಟ್ಟಾಗಿ ಉಸಿರು ಸೋತವರು. ಅಲ್ಲಿ ಸಿಸ್ಟರ್ ಅಂದರೆ ಹೆಂಡತಿ, ತಮ್ಮ, ಅತ್ತಿಗೆ. ಡಿಸ್ಚಾರ್ಜ್‌ಗೆ ಮೊದಲು ಅವರನ್ನು ಕೂರಿಸಿಕೊಂಡು ಅಲಾರಾಂ ಹೇಳಿಕೊಡುವಾಗ ನಾನು ಹಳದಿಗೆ ಜಾಸ್ತಿ ಹೊತ್ತು ಕೊಡುತ್ತೇನೆ. ಕೆಂಪಾದರೆ ಯಾರಿಗೂ ಹೇಳಿಕೊಡಬೇಕಿಲ್ಲ, ಮನೆಯೆಲ್ಲ ಎದ್ದು ಬರುತ್ತದೆ. ಊರಲ್ಲಿ ಕರೆಂಟ್ ಹೋದಾಗ ಹಳದಿ ಬರುತ್ತದೆ. ಆಗ ಫ್ಯಾನ್, ಟೀವಿ ಎಲ್ಲ ಆರಿಸಿ ಇನ್ವರ್ಟರ್ ಅನ್ನು ಯಂತ್ರಕ್ಕೇ ಬಿಡಬೇಕು, ಕರೆಂಟ್ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಲೈನ್‌ಮನ್‌ಗೆ ಫೋನ್ ಮಾಡಬೇಕು, ಬ್ಯಾಟರಿ ಅರ್ಧಕ್ಕೆ ಇಳಿಯುವ ಮೊದಲೇ ಗಾಡಿ ಗೊತ್ತು ಮಾಡಬೇಕು. ಅಂಬು ಬ್ಯಾಗ್ ಬೀರುವಿನಲ್ಲಿ ಇಡಬಾರದು, ಮಂಚದ ತಲೆದೆಸೆಯಲ್ಲಿ ಮೊಳೆಗೆ ತೂಗುಹಾಕಬೇಕು. ಅದನ್ನು ಒತ್ತಲು ಮನೆಯಲ್ಲಿ ಕಡಿಮೆಯೆಂದರೆ ಇಬ್ಬರು ಕಲಿಯಬೇಕು, ಒಬ್ಬರೇ ಆದರೆ ಫೋನ್ ಮಾಡಲು ಕೈ ಖಾಲಿ ಇರುವುದಿಲ್ಲ.